ಗೋಡೆಯ ಮೇಲೆ ತೂಗಿದ ಜಪಮಾಲೆ

ಇದನ್ನು ಬರೆಯಬೇಕೆಂದು ಮೂರು ಸಲ ಕುಳಿತು ಎದ್ದಿದ್ದೇನೆ. ಇನ್ನೂ ಮುಂದೂಡುವ ವಯಸ್ಸಲ್ಲ ನನ್ನದು.

ನಿವೃತ್ತಿಗೆ ಆಗ ಎರಡು ವರ್ಷವಿತ್ತು. ಹೈಸ್ಕೂಲ್ ಮಾತ್ರ ಮುಗಿಸಿದ್ದ ನಾನು ಮುಂಬೈಯಲ್ಲಿ ಭೂಕಂಪ ಅಳೆಯುವ ಒಂದು ಕಚೇರಿಯಲ್ಲಿ ಫೀಲ್ಡ್ ಅಸಿಸ್ಟೆಂಟ್ ಆಗಿದ್ದೆ. ಕಂಪನದ ಬಲಕ್ಕೆ ಎರಡು ಅಳತೆಗಳಿವೆ. ಮ್ಯಾಗ್ನಿಟ್ಯೂಡ್ ಎನ್ನುವುದು ಯಂತ್ರದ ಲೆಕ್ಕ. ಒಂದು ಭೂಕಂಪಕ್ಕೆ ಒಂದೇ ಅಂಕಿ. ಐದರಿಂದ ಆರಕ್ಕೆ ಏರಿದರೆ ಹೊರಬೀಳುವ ಶಕ್ತಿ ಸುಮಾರು ಮೂವತ್ತೆರಡು ಪಟ್ಟಾಗುತ್ತದೆ. ಇಂಟೆನ್ಸಿಟಿ ಎಂದರೆ ಆಯಾ ಜಾಗದಲ್ಲಿ ಎಷ್ಟು ಅಲುಗಿತು ಎಂಬುದು. ಅದನ್ನು ಜನರನ್ನು ಕೇಳಿ ತಿಳಿಯಬೇಕು. ಕೇಳುವ ಕೆಲಸ ನನ್ನದು.

ಒಂದು ಮಧ್ಯಾಹ್ನ ಘಟ್ಟದ ಕಡೆ ಭೂಮಿ ಕಂಪಿಸಿತು. ಮೂರನೆಯ ದಿನ ಫಾರ್ಮ್ ಹಿಡಿದು ಘಾಟ್ಕೋಪರ್‌ನಲ್ಲಿ ರೈಲು ಹಳಿಯ ಪಕ್ಕದ ಬಿಲ್ಡಿಂಗ್ ಒಂದಕ್ಕೆ ಹೋದೆ. ಒಂಬತ್ತು ಮನೆಯವರು ಏನೂ ಗೊತ್ತಾಗಲಿಲ್ಲ ಎಂದರು. ಹತ್ತನೆಯದು ನಾಲ್ಕನೇ ಮಹಡಿಯಲ್ಲಿತ್ತು, ವಿಜಯಪುರದ ಕಡೆಯವರು. ಮಗ ಬಾಗಿಲಲ್ಲೇ ನಕ್ಕ. "ಅವ್ವನ್ನ ಕೇಳ್ರಿ. ಆಕಿ ಮಂಚ ದಿನಾ ಕುಣೀತೈತ್ರಿ." ಆಮೇಲೆ ದನಿ ತಗ್ಗಿಸಿ, ತಾಯಿಗೆ ಇಲ್ಲದ್ದೆಲ್ಲ ಕಾಣುತ್ತಿದೆ, ಡಾಕ್ಟರು ಮಾತ್ರೆ ಶುರುಮಾಡೋಣ ಅನ್ನುತ್ತಿದ್ದಾರೆ ಎಂದ.

ಸೊಂಟ ಮುರಿದು ಮಲಗಿದ್ದ ಆ ತಾಯಿ ನನ್ನನ್ನೇ ನೋಡುತ್ತಿದ್ದರು.

"ಲೋಕಲ್ ರೈಲ ಬಂದ್ರ ಗಿಲಾಸ ಗಲಗಲ ಅಂತಾವ್ರಿ. ಅವತ್ತ ಗಿಲಾಸ ಸುಮ್ಮನಿದ್ದುವು. ಗ್ವಾಡಿ ಮ್ಯಾಲಿನ ಜಪಮಾಲಿ ಅಷ್ಟ ತೂಗಿತು. ಭೂಮಿ ನಡುಗಿದ್ದು ಹೌದಿಲ್ರಿ?"

ದೂರದ ಕಂಪನ ತಿಳಿಯುವುದೇ ಹಾಗೆ: ಮೇಲಿನ ಮಹಡಿಯಲ್ಲಿ ಅಲುಗದೆ ಮಲಗಿದವರಿಗೆ, ತೂಗುಹಾಕಿದ ವಸ್ತುವಿನಿಂದ. ನನ್ನ ಫಾರ್ಮಿನಲ್ಲಿ ಆ ಪ್ರಶ್ನೆಯೇ ಇತ್ತು. ಆದರೆ ಒಂದು 'ಹೌದು' ಬಂದರೂ ಅಕ್ಕಪಕ್ಕದ ಬಿಲ್ಡಿಂಗ್‌ಗಳನ್ನೆಲ್ಲ ಮೇಲಿನವರೆಗೆ ಹತ್ತಿ ವಿಚಾರಿಸಬೇಕಿತ್ತು. ಎಲ್ಲಿಯೂ ಲಿಫ್ಟ್ ಇಲ್ಲ. ನನ್ನ ಮೊಣಕಾಲುಗಳು ಸೋತಿದ್ದವು.

"ರೈಲಿನದ್ದೇ ಇರಬೇಕು ಅಮ್ಮ," ಎಂದೆ.

"ಕೇಳಿದಿ ಏನವ್ವಾ? ಸಾಹೇಬ್ರ ಹೇಳ್ಯಾರ," ಎಂದ ಮಗ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು.

ಮುಂದಿನ ವಾರ ಸಾಂತಾಕ್ರೂಜ್, ಗ್ರಾಂಟ್ ರೋಡ್ ಕಡೆಯ ಫಾರ್ಮ್‌ಗಳು ಬಂದವು. ಮೇಲಿನ ಮಹಡಿಗಳಲ್ಲಿ ದೀಪಗಳು ತೂಗಿದ್ದವಂತೆ. ನಕ್ಷೆಯಲ್ಲಿ ಘಾಟ್ಕೋಪರ್ ಮಾತ್ರ ಖಾಲಿ. ಮೇಲಧಿಕಾರಿ ಕೇಳಿದಾಗ, ಅಲ್ಲಿ ಯಾರಿಗೂ ಗೊತ್ತಾಗಿಲ್ಲ ಎಂದು ಎರಡನೆಯ ಸಲ ಸುಳ್ಳು ಹೇಳಿದೆ.

ವರ್ಷ ಕಳೆದ ಮೇಲೆ, ನಿಜ ಹೇಳಿಬಿಡಬೇಕೆಂದೇ ಆ ಮೆಟ್ಟಿಲು ಹತ್ತಿದೆ. ಮಾತ್ರೆಯ ಮಂಪರಿನಲ್ಲೂ ಆ ತಾಯಿ ನನ್ನ ಗುರುತು ಹಿಡಿದರು. ಗೋಡೆಯ ಮೇಲೆ ಜಪಮಾಲೆ ಇರಲಿಲ್ಲ.

"ನೀವು ಹೇಳಿದ್ದ ಖರೆ ಸಾಹೇಬ್ರ. ರೈಲ ಇತ್ತು. ನನ್ನ ತಲಿನ ಸರಿ ಇರಲಿಲ್ಲ."

ನಾನು ಹೌದೆಂಬಂತೆ ತಲೆಯಾಡಿಸಿದೆ. ಮಗ ತಂದ ಚಹಾ ಕುಡಿದು ಇಳಿದುಬಂದೆ.

ಒಂದು ಯಂತ್ರ ತಪ್ಪಿದರೆ ಇನ್ನೊಂದು ಯಂತ್ರ ತಿದ್ದುತ್ತದೆ. ಕೇಳುವವನು ತಪ್ಪಿದರೆ ಹೇಳಿದವರೇ ಸುಳ್ಳಾಗುತ್ತಾರೆ. ಮೂವತ್ತು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದೂ ತಡವಾಗಿ. ಫಾರ್ಮಿನಲ್ಲಿ 'ಕಂಪನ ಅನುಭವಿಸಿದವರ ಹೆಸರು' ಎಂಬ ಜಾಗಕ್ಕೆ ಅಂದು ಗೆರೆ ಎಳೆದಿದ್ದೆ. ಅಲ್ಲಿ ಬರೆಯಬೇಕಾಗಿದ್ದ ಹೆಸರು ನೀಲವ್ವ.