ಕುಟುಂಬದಲ್ಲಿ ಇನ್ನೂರು ಜನ

ಎಂ.ಎ. ಎರಡನೇ ವರ್ಷದ ಪ್ರಬಂಧಕ್ಕೆ ನಾನು ಆರಿಸಿಕೊಂಡದ್ದು ಗಂಗೊಳ್ಳಿಯ ಮೀನು ಮಾರುವ ಹೆಂಗಸರನ್ನು. ನಾನು ಉಪ್ಪುಂದದವಳು, ಅವರ ಮಾತೇ ನನ್ನ ಮಾತು. ಇಂಗ್ಲಿಷಿನ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು ಒಂದೇ ವಾರದಲ್ಲಿ ಮೂವತ್ತು ಹಾಳೆ ತುಂಬಿಸಿಕೊಂಡು ಬಂದೆ. ಜಂಬವೂ ಸಾಕಷ್ಟಿತ್ತು.

ಸಮಾಜಶಾಸ್ತ್ರ ವಿಭಾಗದ ಸೆಮಿನಾರಿನಲ್ಲಿ ಅದು ಇಳಿಯಿತು. 'ನಿಮ್ಮ ಕುಟುಂಬದಲ್ಲಿ ಎಷ್ಟು ಜನ?' ಎಂಬ ಮೊದಲ ಪ್ರಶ್ನೆಗೆ ಬಂದ ಉತ್ತರಗಳನ್ನು ಓದಿದೆ: ನೂರೈವತ್ತು, ನೂರೆಂಬತ್ತು, ಇನ್ನೂರು. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮೈಸೂರು ಕಡೆಯವರಾದ ನಮ್ಮ ಗೈಡ್, "ಎರಡು ಕೋಣೆಯ ಮನೆಯಲ್ಲಿ ಇನ್ನೂರು ಜನ ಹೇಗಮ್ಮಾ ಮಲಗ್ತಾರೆ?" ಎಂದರು. ನನಗೆ ರೇಗಿಹೋಯಿತು.

"ಮನೆಯಲ್ಲಲ್ಲ ಸರ್, ಕುಟುಂಬದಲ್ಲಿ!"

ನಮ್ಮ ಕಡೆ ಕುಟುಂಬವೆಂದರೆ ಒಂದೇ ಮೂಲಮನೆಯಿಂದ ಕವಲಾಗಿ ಹೋದ ಎಲ್ಲರೂ. ನನ್ನ ಕುಟುಂಬವೇ ನೂರು ದಾಟುತ್ತದೆ. ಹಾಗಾಗಿ ಇನ್ನೂರು ಎಂದು ಬರೆದುಕೊಳ್ಳುವಾಗ ನನಗೆ ಏನೂ ವಿಚಿತ್ರ ಅನಿಸಿರಲಿಲ್ಲ. ಗೈಡ್ ಒಪ್ಪಲಿಲ್ಲ. ತಾವೇ ಬಂದು ಕೇಳುವುದಾಗಿಯೂ, ಸರಿ ಕಾಣದಿದ್ದರೆ ನಾನು ವಿಷಯವನ್ನೇ ಬದಲಿಸಬೇಕೆಂದೂ ಹೇಳಿಬಿಟ್ಟರು. ಪ್ರಬಂಧ ಒಪ್ಪಿಸಲು ಉಳಿದದ್ದು ಎರಡೇ ತಿಂಗಳು. ಹಾಸ್ಟೆಲಿಗೆ ಬಂದು ಚೆನ್ನಾಗಿ ಅತ್ತೆ.

ಮುಂದಿನ ಶನಿವಾರ ಗಂಗೊಳ್ಳಿ ಬಂದರಿಗೆ ಹೋದೆವು. ಇನ್ನೂರು ಎಂದಿದ್ದ ಹೆಂಗಸು ಬುಟ್ಟಿಗೆ ಬಂಗುಡೆ ಆರಿಸಿ ಹಾಕುತ್ತಿದ್ದರು. ಮನೆಯಲ್ಲಿ ಎಷ್ಟು ಜನ ಎಂದು ಗೈಡ್ ಕೇಳಿದರು.

"ನಾನೂ ಮಗ್ಳೂ, ಇಬ್ರೇ."

"ಮತ್ತೆ ಕುಟುಂಬ ಅಂದ್ರೆ ಯಾರು?"

"ಎಂತ ಸಾರ್, ಅಷ್ಟೂ ಗೊತ್ತಿಲ್ಯಾ? ನಾನ್ ಸತ್ರೆ ಯಾರಿಗೆಲ್ಲ ಸೂತ್ಕವೋ, ಅವ್ರೇ."

ಕುಟುಂಬದ ವ್ಯಾಖ್ಯೆಯನ್ನೇ ಎರಡು ವಾರ ಪಾಠ ಮಾಡಿದ್ದ ಗೈಡ್ ಜೇಬಿನಿಂದ ಪುಸ್ತಕ ತೆಗೆದು ಈ ಮಾತನ್ನು ಬರೆದುಕೊಂಡರು. ನನಗೆ ಕುಣಿಯಬೇಕೆನಿಸಿತು. ಆಕೆ ಬಿಡಲಿಲ್ಲ. "ನಿಮ್ದ್ ಎಷ್ಟ್ ಜನ ಸಾರ್?"

ಗೈಡ್ ಬೆರಳು ಮಡಚಿದರು. "ನಾಲ್ಕು."

"ನಾಲ್ಕೇಯಾ! ಅಯ್ಯೋ ಪಾಪ," ಎಂದು ಆಕೆ ನನ್ನ ಮುಖ ನೋಡಿದರು.

ವಾಪಸು ಬಸ್ಸಿನಲ್ಲಿ ಗೈಡ್, "ವಿಷಯ ಬದಲಿಸಬೇಡ, ಪ್ರಶ್ನೆ ಬದಲಿಸು," ಎಂದು ಹೇಳಿ ಮತ್ತೆ ಬೆರಳು ಮಡಚುತ್ತ ಕೂತರು. ಬಸ್ಸು ತ್ರಾಸಿಯಲ್ಲಿ ಹೆದ್ದಾರಿಗೆ ತಿರುಗಿದಾಗ ಮೆಲ್ಲಗೆ ನನ್ನ ಕಡೆ ಬಾಗಿದರು.

"ಐದು ಕಣಮ್ಮಾ. ನಮ್ಮ ಚಿಕ್ಕಪ್ಪನ ಮಗನೊಬ್ಬ ಇದ್ದಾನೆ. ಮಾತು ಬಿಟ್ಟು ಬಹಳ ವರ್ಷವಾಯಿತು."