ಗೆಳತಿ ಮಾಡಿಸಿದ ಕಿಟಕಿ ಕದ

ಮೊನ್ನೆ ಇಂದಿರಾನಗರದಲ್ಲಿ ತಂಗಿಯ ಮಗಳ ಮನೆಗೆ ಹೋಗಿದ್ದೆ. ಕಿಟಕಿಗಳಿಗೆ ಹೊಸದಾಗಿ ಮರದ ಕದ ಹಾಕಿಸುತ್ತಿದ್ದಳು. ಹೆರೆದ ತೇಗದ ವಾಸನೆ ಮೂಗಿಗೆ ಬಡಿದದ್ದೇ ತಡ, ಹಲಸೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಗೆಳತಿ ನೆನಪಾದಳು…

ಎರಡನೇ ಮಹಾಯುದ್ಧದ ವರ್ಷಗಳು. ನಮಗಿಬ್ಬರಿಗೂ ಹದಿನೇಳೋ ಹದಿನೆಂಟೋ. ಅವಳ ಅಣ್ಣ ಸೈನ್ಯ ಸೇರಿ ದೂರ ಹೋಗಿದ್ದ. ಮನೆಯಲ್ಲಿ ಅತ್ತಿಗೆಗೆ ಕ್ಷಯ ಹಿಡಿದಿತ್ತು. ಗಾಳಿ ಬರುವ ಕೋಣೆಯಲ್ಲಿ ಮಲಗಿಸಿ ಎಂದು ಡಾಕ್ಟರು ಹೇಳಿದ್ದರು. ಆ ಮನೆಯಲ್ಲಿ ಕಿಟಕಿ ಇದ್ದದ್ದು ಬೀದಿ ಕಡೆಯ ಕೋಣೆಗೆ ಮಾತ್ರ, ಅದಕ್ಕೂ ಗಟ್ಟಿ ಹಲಗೆಯ ಕದ. ತೆರೆದರೆ ಹಾಸಿಗೆ ಹಿಡಿದವಳು ಬೀದಿಗೆಲ್ಲ ಕಾಣುತ್ತಿದ್ದಳು, ಮುಚ್ಚಿದರೆ ಉಸಿರುಗಟ್ಟುವ ಕತ್ತಲೆ. ಗೆಳತಿಗೆ ಗಂಡು ಹುಡುಕುತ್ತಿದ್ದ ಅವಳ ತಂದೆ ಮುಚ್ಚಿಯೇ ಇಡಿಸಿದರು. ಕ್ಷಯವಿರುವ ಮನೆಗೆ ಯಾರು ಸಂಬಂಧ ಬೆಳೆಸುತ್ತಾರೆ?

ಗೆಳತಿ ನನ್ನನ್ನು ಕರೆದುಕೊಂಡು ಮರ್ಫಿ ಟೌನಿನ ಬಡಗಿಯ ಹತ್ತಿರ ಹೋದಳು. ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಅವನು ವಿವರಿಸಿದ. ಕದದ ಚೌಕಟ್ಟು ಹಾಗೇ ಇರಲಿ, ಬಿಜಾಗರಿ ಗಟ್ಟಿಯಿದ್ದರೆ ಅದೂ ಇರಲಿ. ನಡುವಿನ ಹಲಗೆ ತೆಗೆದು ಅಲ್ಲಿಗೆ ಓರೆಯಾಗಿ ಪಟ್ಟಿಗಳನ್ನು ಕೂರಿಸಬಹುದು. ಅಲ್ಲಾಡದ ಹಾಗೆ ಬಿಗಿದುಬಿಡಬಹುದು, ಇಲ್ಲವೇ ಒಂದು ಕೋಲು ಸೇರಿಸಿ ಎಲ್ಲವನ್ನೂ ಒಟ್ಟಿಗೆ ತೆರೆದು ಮುಚ್ಚುವಂತೆ ಮಾಡಬಹುದು. ಕೆಳಗೆ ಹಲಗೆ ಉಳಿಸಿ ಮೇಲಿನ ಅರ್ಧಕ್ಕೆ ಮಾತ್ರ ಪಟ್ಟಿ ಎಂದರೆ ಅದೂ ಆದೀತು. ಗೆಳತಿ ಪೂರ್ತಿ ಪಟ್ಟಿಯೇ ಬೇಕೆಂದಳು, ಕೋಲಿನದು. ನೆಲದ ಮೇಲೆ ಮಲಗಿದವಳ ಮುಖಕ್ಕೆ ಗಾಳಿ ತಾಗಬೇಕಲ್ಲ…

ತಂದೆ ಒಪ್ಪಲಿಲ್ಲ.

"ಪಟ್ಟಿ ನೋಟ ತಡಿಯುತ್ತೆ. ಕೆಮ್ಮು ತಡಿಯುತ್ತಾ?" ಎಂದರು.

"ಕೇಳಿದ್ರೆ ಕೇಳ್ಲಿ ಅಪ್ಪಾ," ಎಂದಳು ಗೆಳತಿ. "ನಂಗೆ ಮದ್ವೆ ಆಗ್ದಿದ್ರೂ ಪರ್ವಾಗಿಲ್ಲ. ಅತ್ತಿಗೆಗೆ ಉಸಿರಾಡಕ್ಕಾಗ್ತಿಲ್ಲ."

ಅವರು ಕೆಲಸಕ್ಕೆ ಹೋಗಿದ್ದಾಗ ಬಡಗಿಯನ್ನು ಕರೆಸಿ ಕದ ಬದಲಾಯಿಸಿಬಿಟ್ಟಳು. ಸಂಜೆ ಬಂದ ತಂದೆ ಬೈಯಲಿಲ್ಲ, ಉಣ್ಣಲೂ ಇಲ್ಲವಂತೆ.

ಆ ಬೇಸಿಗೆಯೆಲ್ಲ ಅತ್ತಿಗೆ ಗಾಳಿಗೆ ಮುಖವೊಡ್ಡಿ ಮಲಗಿದಳು. ಹೆಣ್ಣು ನೋಡಲು ಬಂದವರಿಗೆ ಜಗಲಿ ಹತ್ತುವಾಗಲೇ ಕೆಮ್ಮು ಕೇಳಿಸಿತು. ಕಾಫಿ ಮುಟ್ಟದೆ ಎದ್ದು ಹೋದರು. ರಜೆ ಸಿಕ್ಕಿ ಅಣ್ಣ ಬರುವಷ್ಟರಲ್ಲಿ ಅತ್ತಿಗೆ ತೀರಿಕೊಂಡಿದ್ದಳು.

ಅಷ್ಟಕ್ಕೇ ಮುಗಿಯಲಿಲ್ಲ. ಮರುವರ್ಷ ಗೆಳತಿಗೂ ಕೆಮ್ಮು ಶುರುವಾಯಿತು. ಅದೇ ಕೋಣೆಯಲ್ಲಿ ಮಲಗಿಸಿದರು. ಕೋಲು ಎತ್ತುವ ಶಕ್ತಿಯೂ ಅವಳಿಗೆ ಉಳಿಯದಿದ್ದಾಗ, ಬೆಳಗ್ಗೆ ತಂದೆಯೇ ಬಂದು ಪಟ್ಟಿ ತೆರೆಯುತ್ತಿದ್ದರು. ನನ್ನನ್ನು ಒಳಗೆ ಹೋಗಲು ನಮ್ಮಮ್ಮ ಬಿಡುತ್ತಿರಲಿಲ್ಲ. ಜಗಲಿಯ ಮೇಲೆ ಕೂತು ಮಾತಾಡುತ್ತಿದ್ದೆ. ಪಟ್ಟಿಗಳ ಸಂದಿನಿಂದ ಅವಳ ದನಿ ಬರುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಒಮ್ಮೆ, ಸಾಕಾಯ್ತೇನೋ, ಮಲಗು ಎಂದು ನಾನು ಎದ್ದೆ.

"ಭಯ ಆಗುತ್ತೆ ಕಣೇ. ಇನ್ನೊಂಚೂರು ಕೂತ್ಕೋ," ಎಂದಳು.

ಕೂತೆ. ಕತ್ತಲಾದ ಮೇಲೇ ಎದ್ದು ಮನೆಗೆ ಬಂದೆ…

ಅವಳು ತೀರಿಹೋಗಿ ಕೆಲವು ವರ್ಷಕ್ಕೆ ಆ ರೋಗಕ್ಕೆ ಮದ್ದು ಬಂತು. ಈಗ ಆ ಬೀದಿಯಲ್ಲಿ ಅವಳನ್ನು ಕಂಡವರು ಯಾರೂ ಇಲ್ಲ. ನನಗೂ ಮುಖ ಮಸುಕಾಗುತ್ತ ಬಂದಿದೆ. ನೋಡಿಕೊಳ್ಳೋಣವೆಂದರೆ ಫೋಟೋ ಒಂದೂ ಇಲ್ಲ. ಗಂಡಿನ ಕಡೆಯವರಿಗೆ ತೋರಿಸಲು ಒಂದು ತೆಗೆಸಬೇಕೆಂದಿದ್ದರು. ಮದುವೆಯ ಮಾತು ನಿಂತಾಗ ಅದೂ ನಿಂತುಹೋಯಿತು.