ಅಟ್ಟದ ಕೆಳಗಿನ ಬಾಡಿಗೆ ಮನೆ

ನಾನು ಹೆದರುಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಚೆಗೆ ನಮ್ಮ ಕಡೆಯ ಸಭೆಗಳಲ್ಲಿ ನನ್ನನ್ನು ದಿಟ್ಟ ಹೆಣ್ಣುಮಗಳು ಎಂದು ಕರೆದು ಶಾಲು ಹೊದಿಸುವವರು ಹುಟ್ಟಿಕೊಂಡಿದ್ದಾರೆ. ಅವರು ಹಾಗೆ ಹೊಗಳುತ್ತಿರುವಾಗ ನಾನು ನೋಡುತ್ತಿರುವುದು ವೇದಿಕೆಯಿಂದ ನನ್ನನ್ನು ಇಳಿಸುವವರು ಯಾರು, ಅವರ ಕೈ ಗಟ್ಟಿಯಿದೆಯೇ ಅಂತ. ದಿಟ್ಟತನವಂತೆ! ಒಂದು ಸಲ ಹೀಗೇ ಎತ್ತಿಕೊಂಡವರು ಕೈಜಾರಿಸಿದರು. ಸೊಂಟ ಊದಿಕೊಂಡು ನಾನು ಮಲಗಿದ್ದಾಗ ಶಾಲಿನವರು ಒಬ್ಬರೂ ಬರಲಿಲ್ಲ.

ಮಗುವಾಗಿದ್ದಾಗ ಜ್ವರ ಬಂದು ನನ್ನ ಎರಡೂ ಕಾಲುಗಳ ಬಲ ಹೋಯಿತು. ಮನೆಯೊಳಗೆ ಕೈಯೂರಿ ಸರಿಯುತ್ತೇನೆ. ಬೀದಿಗೆ ಹೋಗಲು ಪಕ್ಕದಲ್ಲಿ ಎರಡು ಚಕ್ರ ಹೆಚ್ಚಿಗೆ ಕೂಡಿಸಿದ ಸ್ಕೂಟರ್ ಇದೆ. ಕೈಯಲ್ಲಿ ತಿರುಗಿಸುವ ಮೆಷಿನ್ನಿನಲ್ಲಿ ಬ್ಲೌಸು ಹೊಲಿದು ನಾನೂ ನಮ್ಮವ್ವನೂ ಬದುಕುತ್ತೇವೆ. ದಂಡಿನಶಿವರದ ಕಡೆಯಿಂದ ಮದುವೆಯಾಗಿ ಬಂದ ಅವ್ವನಿಗೆ ಈಗ ಮಂಡಿನೋವು. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಸಂತೆ ಸುತ್ತಿದವಳು ಈಗ ಒಂದು ಕೊಡ ನೀರು ಎತ್ತಿದರೆ ಕೂತು ಸುಧಾರಿಸಿಕೊಳ್ಳಬೇಕು. ಆದ್ದರಿಂದ ನಮಗೆ ಬೇಕಾಗಿದ್ದದ್ದು ಒಂದೇ, ನೆಲದ ಮೇಲಿನ ಮನೆ. ಯಾರೂ ಎತ್ತದೆ ನಾನೇ ಒಳಗೆ ಹೋಗಿ ನಾನೇ ಹೊರಗೆ ಬರುವಂಥದ್ದು.

ನಮ್ಮ ತಿಪಟೂರು, ತುರುವೇಕೆರೆ ಸೀಮೆಯಲ್ಲಿ ಮಹಡಿ ರೂಮು ಬೇಕಾದಷ್ಟು ಸಿಗುತ್ತವೆ. ಕೆಳಗಿನ ಜಾಗ ಮಾತ್ರ ಕೇಳಬೇಡಿ. ಅದೆಲ್ಲ ಕಾಯಿಗೆ, ಕೊಬ್ಬರಿ ಚೀಲಕ್ಕೆ, ಟ್ರ್ಯಾಕ್ಟರಿಗೆ ಮೀಸಲು. ಬೀದಿ ಬೀದಿ ಸುತ್ತಿದ ಮೇಲೆ ನಮಗೆ ಸಿಕ್ಕಿದ್ದು ಒಬ್ಬ ತೋಟದ ಯಜಮಾನರ ಹಿಂಬದಿಯ ಒಂಟಿ ಕೋಣೆ. ಅದರ ನೆತ್ತಿಯ ಮೇಲೆ ಅಟ್ಟ. ಅಟ್ಟದ ತುಂಬ ಸಿಪ್ಪೆಸಮೇತ ತೆಂಗಿನಕಾಯಿ.

ಹೊರಗಿನವರಿಗೆ ಇದು ತಿಳಿಯಲಿಕ್ಕಿಲ್ಲ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಹಾಗೇ ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಿಸಿದರೆ ಗುಡುಗುಡು ಅನ್ನಬೇಕು. ಅಲ್ಲಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಅರೆ ಒಣಗಿದ ಕಾಯಿ ಎತ್ತಿ ಇಳಿಸಿದರೆ ಒಳಗೇ ಕೆಡುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಇನ್ನೊಂದು ಮಾತಿದೆ. ಅಟ್ಟದ ಕೆಳಗೆ ದಿನಾ ಒಲೆ ಉರಿದರೆ ಆ ಬಿಸಿಗೂ ಹೊಗೆಗೂ ಕಾಯಿ ಚೆನ್ನಾಗಿ ಒಣಗುತ್ತದೆ. ಯಜಮಾನರು ನಮಗೆ ಕೋಣೆ ಕೊಟ್ಟಿದ್ದು ಅದಕ್ಕೇ. ಅವ್ವ ಗ್ಯಾಸ್ ತಂದ ದಿನ ಅವರ ಮುಖ ಚಿಕ್ಕದಾಯಿತು.

"ನೀರಾದ್ರೂ ಸೌದೇಲಿ ಕಾಯ್ಸವ್ವ. ಸೌದೆ ನಾನೇ ಕೊಡ್ತೀನಿ," ಅಂದರು.

ಮೇಲೆ ಒಣಗಿದ ಸಿಪ್ಪೆಯ ರಾಶಿ, ಕೆಳಗೆ ಬೆಂಕಿ, ನಡುವೆ ಓಡಲಾರದ ನಾನು. ಅವ್ವ ಒಲೆ ಹಚ್ಚಿದಾಗಲೆಲ್ಲ ನಾನು ಹೊಲಿಗೆ ಬಿಟ್ಟು ಬಾಗಿಲ ಬಳಿಗೆ ಸರಿಯುತ್ತಿದ್ದೆ. "ಏನೇ ಅದು, ದೆವ್ವ ಕಂಡೋಳಂಗೆ," ಎಂದು ಅವ್ವ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಹೋದ ಮಳೆಗಾಲದಲ್ಲಿ ಅಟ್ಟದ ತೊಲೆ ಬಗ್ಗಿದ್ದು ಕಣ್ಣಿಗೆ ಬಿತ್ತು. ಮೊದಮೊದಲು ನನ್ನ ಭ್ರಮೆ ಅಂದುಕೊಂಡೆ. ಆಮೇಲೆ ಹೊಲಿಯುತ್ತಿದ್ದ ಬಟ್ಟೆಯ ಮೇಲೆ ಮರದ ಹುಡಿ ಉದುರತೊಡಗಿತು. ಅಟ್ಟಕ್ಕೆ ಹಾಸಿದ್ದ ದಬ್ಬೆಗಳ ಸಂದಿನಿಂದ ಲಟಕ್ ಅನ್ನುವ ಸದ್ದು.  ಯಜಮಾನರಿಗೆ ಹೇಳಿದೆ.

"ನಮ್ಮಪ್ಪನ ಕಾಲದಿಂದ ನಿಂತೈತೆ ಕಣಮ್ಮ. ಈಗ ಕಾಯಿ ಅಲುಗಾಡಿಸಕ್ಕಾಯ್ತದಾ? ನೀನೂ ಈ ಸೀಮೆಯೋಳೇ ಅಲ್ವಾ?"

ಹೌದಲ್ಲ, ನಾನೂ ಈ ಸೀಮೆಯವಳೇ. ಒಣಗುವ ಕಾಯಿ ಮುಟ್ಟಬಾರದು ಅನ್ನುವುದು ನನಗೂ ಹಾಲಿನ ಜೊತೆಗೇ ಬಂದದ್ದು. ತಲೆಯ ಮೇಲೆ ಬೀಳುವ ಹಾಗಿದ್ದರೂ ಅವರ ಮಾತಿಗೆ ತಲೆಯಾಡಿಸಿಕೊಂಡು ಬಂದೆ. ಎಂಥ ಹುಚ್ಚು ನೋಡಿ. ಯಜಮಾನರೂ ಕೆಟ್ಟವರೇನಲ್ಲ. ಆಮೇಲೊಂದು ದಿನ, ಮೇಲೆ ಪೇರಿಸಿದ್ದ, ಇನ್ನೂ ಒಣಗಲು ಶುರುವಾಗದ ಹೊಸ ಕೊಯ್ಲಿನ ಹಸಿಕಾಯಿ ಅಷ್ಟನ್ನೂ ಇಳಿಸಿ ಟ್ರ್ಯಾಕ್ಟರಿನಲ್ಲಿ ಎಲ್ಲಿಗೋ ಸಾಗಿಸಿದರು. "ಸಮಾಧಾನ ಆಯ್ತಾ?" ಅಂದರು. ಅವ್ವ ಅವರಿಗೆ ಕಾಫಿ ಮಾಡಿಕೊಟ್ಟಳು. ನಾನು ಕೈಮುಗಿದೆ.

ಅಷ್ಟರಲ್ಲಿ ನಮ್ಮೂರಿನಾಚೆ ಬಡವರಿಗೆಂದು ಸರ್ಕಾರದ ಮೂರಂತಸ್ತಿನ ಮನೆಗಳು ಎದ್ದಿದ್ದವು. ನಮ್ಮಂಥವರದೊಂದು ಪುಟ್ಟ ಸಂಘವಿದೆ. ಆಫೀಸು ಗೀಫೀಸು ಏನಿಲ್ಲ, ಒಬ್ಬ ಮೆಕ್ಯಾನಿಕ್ಕನ ಅಂಗಡಿಯ ಮುಂದೆ ಕೂತು ಮಾತಾಡುತ್ತೇವೆ. ಅವನದೂ ಒಂದು ಕಾಲು ಸಣ್ಣ. ನಮ್ಮ ಸ್ಕೂಟರುಗಳಿಗೆಲ್ಲ ಪಕ್ಕದ ಚಕ್ರ ಕೂಡಿಸಿದವನು ಅವನೇ. ಮೆಟ್ಟಿಲು ಹತ್ತಲಾರದವರಿಗೆ ನೆಲದ ಮನೆ ಕೊಡಿ ಎಂದು ಸಂಘದವರು ಬೇಡದ ಬಾಗಿಲಿಲ್ಲ. ಅಧಿಕಾರಿಗಳು ಆಗಲಿ ಅಂದರು. ಹಂಚಿಕೆಯಾದಾಗ ನನಗೆ ಬಂದದ್ದು ಎಲ್ಲಕ್ಕಿಂತ ಮೇಲಿನ ಅಂತಸ್ತು. ಮನೆ ಹಂಚುವ ಸಾಹೇಬರು ನನ್ನ ಕಾಲನ್ನೊಮ್ಮೆ ನೋಡಿ, "ಮುಂದೆ ಲಿಫ್ಟ್ ಬರುತ್ತಮ್ಮ," ಅಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ.

"ಫಿಕರ್ ಮಾಡಬ್ಯಾಡಿ ಅಕ್ಕ, ಮೊದ್ಲು ಕೆಳಗಡೆ ಯಾರವ್ರೆ ನೋಡ್ಕೊಂಡ್ ಬರಣ," ಎಂದ ಮೆಕ್ಯಾನಿಕ್.

ಹೋದೆವು. ನೆಲದ ಸಾಲಿನಲ್ಲಿ ಒಂದು ಮನೆಗೆ ಬೀಗ ಹಾಕಿತ್ತು. ಕಿಟಕಿಯ ಬಾಗಿಲು ಅರ್ಧ ತೆರೆದಿತ್ತು. ಸ್ಕೂಟರನ್ನು ಗೋಡೆಗೆ ಒತ್ತಿ ನಿಲ್ಲಿಸಿ ಒಳಗೆ ಇಣುಕಿದೆ. ಅಡುಗೆಕಟ್ಟೆಯ ಎತ್ತರಕ್ಕೆ ತೆಂಗಿನಕಾಯಿ. ಮನುಷ್ಯರ ಸುಳಿವೇ ಇಲ್ಲ. ನನಗೆ ಸಿಗಬೇಕಾದ ಮನೆಯಲ್ಲಿ ಕಾಯಿ ಸಂಸಾರ ಹೂಡಿತ್ತು. ನಾನು ಏನೋ ಅನ್ನಬೇಕು ಅನ್ನುವಷ್ಟರಲ್ಲಿ ಹಿಂದೆ ಟ್ರ್ಯಾಕ್ಟರ್ ಬಂದು ನಿಂತಿತು. ತಿಳಿನೀಲಿ ಟ್ರೇಲರು. ಪ್ರತಿದಿನ ನನ್ನ ಕೋಣೆಯ ಮುಂದೆ ನಿಲ್ಲುವ ಟ್ರ್ಯಾಕ್ಟರೇ ಅದು. ಕಾಯಿ ಇಳಿಸಲು ಬಂದ ಆಳು ನನ್ನನ್ನು ಗುರುತಿಸಿ, "ಯಜಮಾನ್ರ ನಾದಿನಿ ಮನೆ ಕಣಕ್ಕ ಇದು. ಅವ್ರು ಇಲ್ಲಿರಲ್ಲ," ಅಂದ. ನನ್ನ ತಲೆಯ ಮೇಲಿಂದ ಇಳಿದ ಕಾಯಿ ನನ್ನ ಮನೆಯೊಳಗೇ ಹೋಗಿ ಕೂತಿತ್ತು. ಅದಕ್ಕೆ ನಾನು ಕೈ ಬೇರೆ ಮುಗಿದಿದ್ದೆ.

ಮನೆಗೆ ಬಂದು ಅವ್ವನಿಗೆ ಹೇಳಿದರೆ ಅವಳು ಬಾಗಿಲು ಮುಂದಕ್ಕೆಳೆದಳು.

"ಬಾಯಿ ಮುಚ್ಕೊಂಡಿರು ಕಣವ್ವ. ಇರೋ ಸೂರೂ ಹೋದ್ರೆ ನಿನ್ನ ಎತ್ಕೊಂಡು ನಾನೆಲ್ಲಿಗೆ ಹೋಗ್ಲಿ?"

"ಇದು ಬಿದ್ರೆ?"

"ಬೀಳಲ್ಲ ಬುಡು."

ಬೀಳಲ್ಲ ಅಂದವಳು ನನ್ನ ಹಾಸಿಗೆಯನ್ನು ಗೋಡೆಯ ಬದಿಗೆ ಎಳೆದು ಹಾಕಿದಳು.  ಹೇಳಿದರೆ ಕೋಣೆ ಹೋಗುತ್ತದೆ, ಹೇಳದಿದ್ದರೆ ಮನೆ ಸಿಗುವುದಿಲ್ಲ. ಬಿಸಿ ತುಪ್ಪ ಅನ್ನುತ್ತಾರಲ್ಲ, ನುಂಗುವುದಕ್ಕೂ ಆಗದೆ ಉಗುಳುವುದಕ್ಕೂ ಆಗದೆ ಬಾಯಲ್ಲಿಟ್ಟುಕೊಂಡು ಓಡಾಡಿದೆ. ಆ ವಾರ ಅಳತೆ ತಪ್ಪಿ ಒಬ್ಬರ ಮದುವೆಯ ಬ್ಲೌಸು ಹಾಳು ಮಾಡಿದೆ.

ಸಂಘದವರು ಸುಮ್ಮನಿರಲಿಲ್ಲ. ದಿನಾ ಹೋಗಿ ಕೂತು ಕೂತು ಕೊನೆಗೂ ಸಾಹೇಬರನ್ನು ಆ ಮನೆಗಳ ಹತ್ತಿರ ಕರೆಸಿದರು. ನಾನು ಹೊಟ್ಟೆನೋವು ಎಂದು ತಪ್ಪಿಸಿಕೊಳ್ಳಲು ನೋಡಿದೆ. ಮೆಕ್ಯಾನಿಕ್ ಮನೆಗೇ ಬಂದು ಬಾಗಿಲಲ್ಲಿ ನಿಂತ. ಹೋಗಲೇಬೇಕಾಯಿತು. ಅಲ್ಲಿ ನೋಡಿದರೆ ಯಜಮಾನರೂ ಬಂದಿದ್ದಾರೆ, ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಸಾಹೇಬರ ಪಕ್ಕದಲ್ಲೇ.

ಸಾಹೇಬರು ಕಿಟಕಿಯಲ್ಲಿ ನೋಡಿದರು. "ಯಾರದ್ರೀ ಈ ಕಾಯಿ?"

ಎಲ್ಲರಿಗೂ ಗೊತ್ತು. ಯಾರೂ ಉಸಿರೆತ್ತಲಿಲ್ಲ. ಅಲ್ಲಿದ್ದವರಲ್ಲಿ ಯಜಮಾನರ ಹಂಗಿಲ್ಲದವರು ಕಡಿಮೆ. ಮೆಕ್ಯಾನಿಕ್ಕನ ಅಂಗಡಿಯೇ ಅವರ ಕಟ್ಟಡದಲ್ಲಿತ್ತು. ಅವನು ನೆಲ ನೋಡುತ್ತಿದ್ದ.  ಸ್ಕೂಟರಿನ ಹ್ಯಾಂಡಲ್ ಹಿಡಿದ ಕೈ ನಡುಗಿ ಹಾರನ್ ಒತ್ತಿಬಿಟ್ಟಿತು. ಅದು ಪೀಂ ಎಂದು ಕೂಗಿದ್ದೇ ಎಲ್ಲರೂ ನನ್ನತ್ತ ತಿರುಗಿದರು. ಇನ್ನು ಹೇಳದೆ ಗತಿಯಿರಲಿಲ್ಲ.

"ನಾವು ಬಾಡಿಗೆಗಿರೋ ಮನೆ ಯಜಮಾನ್ರದು ಸಾರ್," ಅಂದೆ. "ಅಲ್ಲಿ ಕಾಯಿ ಕೆಳಗೆ ನಾನಿದ್ದೀನಿ. ಇಲ್ಲಿ ನನ್ನ ಜಾಗದಲ್ಲಿ ಕಾಯೈತೆ."

ಕೆಲವರು ಕಿಸಕ್ಕೆಂದರು. ಸಾಹೇಬರು ನಗಲಿಲ್ಲ. ವಾಸವಿಲ್ಲದವರ ಹಂಚಿಕೆ ರದ್ದು, ಇದನ್ನು ಇವತ್ತೇ ಖಾಲಿ ಮಾಡಿಸಿ ಈಯಮ್ಮನಿಗೆ ಕೊಡಿ ಎಂದು ಜೊತೆಯವರಿಗೆ ಹೇಳಿದರು. ಯಜಮಾನರು ಸಿಟ್ಟಾಗಲೂ ಇಲ್ಲ. "ಆಯ್ತು ಸಾರ್, ಈಗ್ಲೇ ತೆಗೆಸ್ತೀನಿ," ಅಂದರು. ಆ ತಣ್ಣಗಿನ ದನಿ ಕೇಳಿ ನನ್ನ ಹೊಟ್ಟೆಯಲ್ಲಿ ನಿಜವಾಗಿಯೂ ನೋವು ಬಂತು.

ಮಧ್ಯಾಹ್ನ ಟ್ರ್ಯಾಕ್ಟರ್ ನಮ್ಮ ಬಾಗಿಲಿಗೆ ಬಂತು. ಅಷ್ಟೂ ಕಾಯಿ ವಾಪಸ್ಸು ಅಟ್ಟಕ್ಕೆ. ಮೇಲೆ ಒಂದೊಂದು ಮಕ್ಕರಿ ಕಾಯಿ ಸುರಿದಾಗಲೂ ಕೋಣೆಯ ತುಂಬ ಧೂಳು ಇಳಿಯುತ್ತಿತ್ತು. ನಾನು ಬಾಗಿಲ ಕಡೆ ಸರಿಯಲು ನೋಡಿದೆ, ಕೈಗೆ ಬಲವೇ ಬರಲಿಲ್ಲ. ಅಳು ಬಂತು. ಇಷ್ಟು ವಯಸ್ಸಾಗಿ ಅವ್ವಾ ಎಂದು ಕೂಗಿದೆ. ಅವ್ವ ಓಡಿಬಂದು ನನ್ನ ಕಂಕುಳಿಗೆ ಕೈಹಾಕಿ ಎತ್ತಲು ಹೋಗಿ ನನ್ನ ಮೇಲೇ ಮುಗ್ಗರಿಸಿದಳು. ಇಬ್ಬರೂ ಉರುಳಿಕೊಂಡು, ತೆವಳಿಕೊಂಡು ಬೀದಿಗೆ ಬಿದ್ದೆವು. ಆಮೇಲೆ ಅವಳು ಒಬ್ಬಳೇ ಒಳಗೆ ಹೋಗಿ ಮೆಷಿನ್ನು ಹೊತ್ತು ತಂದಳು, ಪಾತ್ರೆ ತಂದಳು. ಪ್ರತಿಸಲ ಒಳಗೆ ಹೋದಾಗಲೂ ನಾನು ಉಸಿರು ಹಿಡಿದು ಕೂತಿದ್ದೆ.

"ಎಲ್ಲಿಗೆ ಹೊರಟ್ರಿ? ನಾನೇನು ಬಿಡು ಅಂದ್ನಾ?" ಎಂದರು ಯಜಮಾನರು.

"ನನ್ನ ಮಗಳು ಇನ್ಮೇಲೆ ಇದರಡಿ ಮಲಗಲ್ಲ ಯಜಮಾನ್ರೆ," ಎಂದಳು ಅವ್ವ. ಅವರಿಗೆ ಅವಳು ಎದುರು ಮಾತಾಡಿದ್ದು ಅದೇ ಮೊದಲು.

ಸಂಜೆ ಮೆಕ್ಯಾನಿಕ್ ಬೀಗದ ಕೈ ಇಸಕೊಂಡು ಬಂದ. ಹೊಸ ಮನೆಯ ನೆಲದ ತುಂಬ ನಾರಿನ ಹುಡಿ. ಹೊಸ್ತಿಲು ತಗ್ಗಾಗಿತ್ತು. ನಾನೇ ದಾಟಿದೆ. ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅವ್ವ ಮೂಲೆಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಟ್ಟ ಬೀಳಲಿಲ್ಲ. ಯಜಮಾನರು ಸಿಕ್ಕಸಿಕ್ಕವರ ಹತ್ತಿರ, "ನೋಡ್ರಿ, ಕಲ್ಲುಗುಂಡಿನಂಗೈತೆ. ಸುಮ್ನೆ ಹೆದರ್ಕಂಡು ನನ್ನ ಮಾನ ಕಳೆದ್ಲು," ಎಂದು ಹೇಳಿಕೊಂಡು ತಿರುಗಿದರು. ಕೆಲವು ಗಿರಾಕಿಗಳು ನನ್ನಲ್ಲಿ ಹೊಲಿಸುವುದು ಬಿಟ್ಟರು. ನನಗೇ ಒಂದೊಂದು ಸಲ ಅನುಮಾನ ಬರುತ್ತಿತ್ತು, ಎಲ್ಲ ನನ್ನ ಪುಕ್ಕಲುತನವೇ ಇರಬೇಕು ಅಂತ.

ಹೀಗಿರುವಾಗ ಸಂಘಕ್ಕೆ ಹೊಸದಾಗಿ ಸೇರಿದ್ದ ಒಬ್ಬಳು ಮನೆಗೆ ಬಂದಳು. ಬೋರನಕಣಿವೆ ಕಡೆಯವಳು, ಒಂದು ಕಾಲಿಲ್ಲ, ಕಂಕುಳ ಕೋಲಿನ ಮೇಲೆ ನಡೆಯುತ್ತಾಳೆ. ಗಂಡ ಬಿಟ್ಟುಹೋದ ಮೇಲೆ ನಮ್ಮೂರಿನಲ್ಲಿ ಹೋಟೆಲ್ಲಿಗೆ ತರಕಾರಿ ಹೆಚ್ಚುವ ಕೆಲಸ ಹಿಡಿದಿದ್ದಳು. ಬಾಳೆಹಣ್ಣು ತಂದಿದ್ದಳು.

"ಮನೆ ಸಿಕ್ತಕ್ಕ. ನೆಲದ ಮನೆ," ಅಂದಳು. "ನೀವು ಬಿಟ್ಟಿದ್ದೇ."

ಕತ್ತರಿ ಕೆಳಗಿಟ್ಟೆ. "ಬ್ಯಾಡ ಕಣೇ, ಹೋಗಬ್ಯಾಡ," ಅಂದೆ. ತೊಲೆಯ ವಿಷಯ ಹೇಳಿದೆ. ಅವಳು ಪೂರಾ ಕೇಳಿದಳು.

"ಹೋಗ್ದೆ ಎಲ್ಲಿರ್ಲಿ ಅಕ್ಕ? ನಿಮಗೆ ಸಿಕ್ತು. ನನಗೆ ಬೇರೆ ಯಾರು ಕೊಡ್ತಾರೆ?"

 ನಮ್ಮಲ್ಲೇ ಬಂದಿರು ಅಂದೆ, ಅವಳು ನಕ್ಕು ಎದ್ದು ಹೋದಳು. ಆವತ್ತು ನನಗೆ ಊಟ ಸೇರಲಿಲ್ಲ. ಮಾರನೆಯ ದಿನ ಮೆಕ್ಯಾನಿಕ್ಕನ್ನು ಕರೆದುಕೊಂಡು ಆ ಬೀದಿಗೆ ಹೋದೆ. ತಿರುವಿನಲ್ಲಿ ಒಮ್ಮೆ ವಾಪಸ್ಸು ಹೋಗೋಣ ಅಂದೆ. ಅವನು ಕೇಳಿಸದವನ ಹಾಗೆ ಮುಂದೆ ಹೋದ. ಯಜಮಾನರು ಬಾಗಿಲಲ್ಲೇ ಸಿಕ್ಕರು. ಒಳಗೆ ಅವಳು ಸಾಮಾನು ಜೋಡಿಸುತ್ತಿದ್ದಳು.

"ನಿನಗೆ ಮನೆ ಆಯ್ತಲ್ಲಮ್ಮ. ಇನ್ನೇನು ಬೇಕು?"

"ಅಟ್ಟ ಖಾಲಿ ಮಾಡ್ಸಿ ಯಜಮಾನ್ರೆ." 

ಅವರು ರೇಗಿದರು. ಆಳನ್ನು ಕರೆದು, "ಹತ್ತಲಾ ಮೇಲೆ. ಕುಣಿದು ತೋರ್ಸು ಈಯಮ್ಮಂಗೆ," ಅಂದರು. ತಾವೂ ಒಳಗೆ ಹೋಗಿ ಅಟ್ಟದ ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ಆಳು ಏಣಿ ಹತ್ತಿದ. ಅಂಚಿನ ಕಾಯಿ ಸರಿಸಿ ಬಗ್ಗಿ ನೋಡಿದ. ಕಾಲಿಡಲಿಲ್ಲ. ಮೆಲ್ಲಗೆ ಒಂದೊಂದೇ ಮೆಟ್ಟಿಲು ಇಳಿದು ಬಂದ.

"ತೊಲೆ ಉದ್ದಕ್ಕೂ ಸೀಳೈತೆ ಯಜಮಾನ್ರೆ. ನಾನ್ ಹತ್ತಲ್ಲ."

ಯಜಮಾನರು ತಲೆಯೆತ್ತಿ ನೋಡಿದರು.  ಎರಡೇ ಹೆಜ್ಜೆಯಲ್ಲಿ ನನ್ನ ಪಕ್ಕ ಹಾದು ಬೀದಿಗೆ ಬಂದುಬಿಟ್ಟರು. ಅವರ ಹಿಂದೆಯೇ ಆಳು. ಒಳಗೆ ಅವಳು ಗೋಡೆ ಹಿಡಿದು ಒಂಟಿಕಾಲಿನಲ್ಲಿ ನಿಂತು, ಗೋಣಿಚೀಲಗಳ ನಡುವೆ ಕೋಲು ಹುಡುಕುತ್ತಿದ್ದಳು.

ನಾನು ಸ್ಕೂಟರಿನಿಂದ ಇಳಿದು, ಕೈಯೂರಿಕೊಂಡು ಒಳಗೆ ಹೋದೆ.